ಚಾಚಿದ ಕೈ ಮತ್ತು ಕೇಳುವ ಕಿವಿ: ಐರ್ಲೆಂಡಿನ ಕ್ಯಾಥೊಲಿಕ್ ಶಾಲೆಗಳ ದಂಡನೆಯ ನೆನಪುಗಳನ್ನು ಕುರಿತು

ಆತ್ಮಕಥನಗಳ ಓದಿನಲ್ಲಿ ಶಾಲೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತೇವೆ. ಹುಟ್ಟು, ಮನೆತನ, ಊರು ಇವುಗಳ ವಿವರ ಮುಗಿದು ಕಥಕನ ಬೌದ್ಧಿಕ ಬದುಕು ಆರಂಭವಾಗುವುದಕ್ಕೆ ಮುಂಚಿನ ಒಂದು ಹೊಸ್ತಿಲಿನಂತೆ ಅದು ಕಾಣುತ್ತದೆ. ಕನ್ನಡ ಆತ್ಮಕಥನಗಳಲ್ಲಿ ಬಾಲ್ಯದ ನಿರೂಪಣೆಯನ್ನು ಕುರಿತು ಸಂಶೋಧನೆ ನಡೆಸುತ್ತಿರುವ ನನಗೂ ಮೊದಮೊದಲು ಹಾಗೆಯೇ ಅನ್ನಿಸಿತ್ತು. ಕೂಲಿಮಠದ ಐಗಳ ಬೆತ್ತ, ತೊಲೆಗೆ ಕಟ್ಟಿದ ಹಗ್ಗವನ್ನು ಹಿಡಿಸಿ ಹುಡುಗನನ್ನು ನೇತಾಡಿಸುವ ಕೋದಂಡ, ಒಬ್ಬನ ಮೂಗು ಹಿಡಿದು ಇನ್ನೊಬ್ಬ ಕೆನ್ನೆಗೆ ಹೊಡೆಯುವ ಶಿಕ್ಷೆ, ಬಿಸಿಲಿನಲ್ಲಿ ಮಂಡಿಯೂರಿಸುವುದು - ಇವೆಲ್ಲ ಆ ಅಧ್ಯಾಯಗಳಲ್ಲಿ ಬರುತ್ತವೆ. ಆದರೆ ಬಹುಮಟ್ಟಿಗೆ ನಗೆಯ ಧಾಟಿಯಲ್ಲಿ ಬರುತ್ತವೆ. ಆ ಏಟುಗಳಿಂದಲೇ ತಾನು ಮನುಷ್ಯನಾದೆನೆಂಬ ಕೃತಜ್ಞತೆಯ ಮಾತಿನೊಂದಿಗೆ ಮುಗಿಯುತ್ತವೆ. 'ದಂಡಂ ದಶಗುಣಂ' ಎಂಬ ಮಾತು ಈ ನಿರೂಪಣೆಗಳ ಬೆನ್ನೆಲುಬಾಗಿ ನಿಂತಿರುತ್ತದೆ. ಹಾಗಾದರೆ ನೋವು ಎಲ್ಲಿ ಹೋಯಿತು? ಅದು ಕಾಲಕ್ರಮದಲ್ಲಿ ಕರಗಿತೆ, ಇಲ್ಲವೆ ಕೇಳುವವರಿಗೆ ರುಚಿಸುವಂತೆ ಕಥಕನೇ ಅದನ್ನು ಕರಗಿಸಿದನೆ?

ಈ ಪ್ರಶ್ನೆಯನ್ನು ನಮ್ಮದಲ್ಲದ ಒಂದು ಸಂದರ್ಭದಲ್ಲಿ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಐರ್ಲೆಂಡನ್ನು ಆರಿಸಿಕೊಂಡಿದ್ದೇನೆ. ಆ ದೇಶದಲ್ಲಿ ಶಿಕ್ಷಣ ಬಹುಪಾಲು ಕ್ಯಾಥೊಲಿಕ್ ಚರ್ಚಿನ ಹಿಡಿತದಲ್ಲಿತ್ತು. ಶಾಲಾ ದಂಡನೆಯ ನೆನಪು ಅಲ್ಲಿ ನೂರು ವರ್ಷಗಳ ಅವಧಿಯಲ್ಲಿ ಕಾದಂಬರಿಯಾಗಿ, ಆತ್ಮಕಥನವಾಗಿ, ಕೊನೆಗೆ ಆಯೋಗವೊಂದರ ಮುಂದಿನ ಸಾಕ್ಷ್ಯವಾಗಿ ನುಡಿಯಲ್ಪಟ್ಟಿದೆ. ಒಂದೇ ಬಗೆಯ ಅನುಭವ ಮೂರು ಬಗೆಯ ಕೇಳುಗರ ಮುಂದೆ ಮೂರು ರೂಪ ತಾಳುವುದನ್ನು ಇಷ್ಟು ಸ್ಪಷ್ಟವಾಗಿ ತೋರುವ ಇನ್ನೊಂದು ಸಂದರ್ಭ ನನಗೆ ಸಿಕ್ಕಿಲ್ಲ.

ಮೊದಲು ಜೇಮ್ಸ್ ಜಾಯ್ಸ್. 1888ರಲ್ಲಿ, ಆರು ವರ್ಷದವನಿದ್ದಾಗ, ಅವನನ್ನು ಕಿಲ್ಡೇರ್ ಪ್ರಾಂತದ ಕ್ಲಾಂಗೋಸ್ ವುಡ್ ಕಾಲೇಜಿಗೆ ಸೇರಿಸಲಾಯಿತು. ಅದು ಜೆಸ್ಯುಯಿಟ್ ಪಾದ್ರಿಗಳು ನಡೆಸುತ್ತಿದ್ದ, ಅನುಕೂಲಸ್ಥರ ಮಕ್ಕಳ ವಸತಿಶಾಲೆ. 1916ರಲ್ಲಿ ಪುಸ್ತಕವಾಗಿ ಬಂದ 'ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್' ಕಾದಂಬರಿಯ ಮೊದಲ ಅಧ್ಯಾಯ ಈ ಶಾಲೆಯಲ್ಲಿಯೇ ನಡೆಯುತ್ತದೆ. ಸೈಕಲ್ಲೊಂದು ತಾಗಿ ಬಿದ್ದು ಸ್ಟೀಫನ್ ಎಂಬ ಹುಡುಗನ ಕನ್ನಡಕ ಒಡೆದಿದೆ. ಲ್ಯಾಟಿನ್ ಪಾಠ ಹೇಳುವ ಫಾದರ್ ಆರ್ನಲ್ ಅವನಿಗೆ ಬರವಣಿಗೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ಆಗ ತರಗತಿಗಳ ಶಿಸ್ತಿನ ಹೊಣೆ ಹೊತ್ತ ಫಾದರ್ ಡೋಲನ್ ಒಳಬರುತ್ತಾರೆ. ಬರೆಯದೆ ಕುಳಿತ ಹುಡುಗನನ್ನು ಕಾಣುತ್ತಾರೆ. ವಿನಾಯಿತಿ ಕೊಟ್ಟವನು ತಾನೇ ಎಂದು ಆರ್ನಲ್ ಹೇಳಿದರೂ ಡೋಲನ್ ಕೇಳಿಸಿಕೊಳ್ಳುವುದಿಲ್ಲ. ಕೆಲಸ ತಪ್ಪಿಸಿಕೊಳ್ಳಲು ಹೂಡಿದ ಉಪಾಯವಿದು ಎಂಬುದು ಅವರ ತೀರ್ಮಾನ. ಎರಡು ಅಂಗೈಗಳಿಗೂ ಏಟು ಬೀಳುತ್ತದೆ.

ಹೊಡೆಯಲು ಬಳಸುವ ಸಾಧನದ ಹೆಸರು ಪ್ಯಾಂಡಿಬ್ಯಾಟ್: ತಿಮಿಂಗಿಲದ ಎಲುಬು, ಚರ್ಮ, ಒಳಗೆ ಸೀಸ ಎಂದು ಹುಡುಗರು ಅದರ ರಚನೆಯನ್ನು ಕುರಿತು ಮಾತಾಡಿಕೊಳ್ಳುತ್ತಾರೆ. 'ಪ್ಯಾಂಡಿ' ಎಂಬ ಮಾತು ಕೈ ಚಾಚು ಎಂಬರ್ಥದ ಲ್ಯಾಟಿನ್ ಆಜ್ಞೆಯಿಂದ ಬಂದುದೆಂದು ನಿಘಂಟುಕಾರರು ಊಹಿಸುತ್ತಾರೆ. ಲ್ಯಾಟಿನ್ ಪಾಠ ತಪ್ಪಿದವನಿಗೆ ಲ್ಯಾಟಿನ್ನಿನಲ್ಲಿಯೇ ಶಿಕ್ಷೆ! ಈ ಪ್ರಕರಣದಲ್ಲಿ ವಿಮರ್ಶಕರ ಗಮನ ಸಹಜವಾಗಿಯೇ ಏಟಿನ ವರ್ಣನೆಯ ಕಡೆಗೆ ಹೋಗುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಏಟಿಗೆ ಮುಂಚಿನ ಒಂದು ಕ್ಷಣ. ಹೊಡೆಯುವ ಮೊದಲು ಡೋಲನ್ ಹುಡುಗನ ಬೆರಳುಗಳನ್ನು ಮುಟ್ಟಿ, ಅಂಗೈ ಸಮವಾಗಿ ನಿಲ್ಲುವಂತೆ ಸರಿಪಡಿಸುತ್ತಾರೆ. ಆ ಸ್ಪರ್ಶ ಮೃದುವಾಗಿತ್ತು. ತನ್ನ ಕೈ ಕುಲುಕಲಿದ್ದಾರೆಂದು ಅರೆಕ್ಷಣ ಅನ್ನಿಸಿತ್ತು ಎಂದು ಸ್ಟೀಫನ್ ಆಮೇಲೆ ನೆನಪಿಸಿಕೊಳ್ಳುತ್ತಾನೆ. ಏಟು ತಿಂದ ಬಳಿಕ ಅವನಿಗೆ ತನ್ನ ಕೈಗಳ ಮೇಲೆಯೇ ಕನಿಕರ ಹುಟ್ಟುತ್ತದೆ, ಅವು ತನ್ನವಲ್ಲ, ಬೇರೆ ಯಾರದೋ ಎಂಬಂತೆ. ಮಗುವಿನ ಮನಸ್ಸಿನಲ್ಲಿ ಉಳಿದಿರುವುದು ಉರಿಗಿಂತ ಹೆಚ್ಚಾಗಿ ಆ ಮೋಸ ಹೋದ ಭಾವ. ಪ್ರೀತಿಯ ಸ್ಪರ್ಶ ಮತ್ತು ಹೊಡೆತ ಒಂದೇ ಕೈಯಿಂದ ಬರಬಹುದೆಂಬ ಅರಿವು ಅದು.

ಆಮೇಲೆ ಹುಡುಗ ದೂರು ಕೊಡಲು ಹೊರಡುತ್ತಾನೆ. ಸಂತರ ಮತ್ತು ಜೆಸ್ಯುಯಿಟ್ ಮಹನೀಯರ ಚಿತ್ರಗಳು ತೂಗುಬಿದ್ದ ಕತ್ತಲ ಹಜಾರವನ್ನು ದಾಟಿ ಅವನು ರೆಕ್ಟರ್ ಕಾನ್ಮೀ ಅವರ ಕೋಣೆಗೆ ಬರುತ್ತಾನೆ. ಅವರ ಮೇಜಿನ ಮೇಲೆ ಒಂದು ತಲೆಬುರುಡೆ ಇದೆ. ರೆಕ್ಟರ್ ಸಮಾಧಾನದಿಂದ ಕೇಳುತ್ತಾರೆ, ಎಲ್ಲೋ ತಪ್ಪಾಗಿದೆ, ಡೋಲನ್ ಅವರಿಗೆ ತಾನು ಹೇಳುವುದಾಗಿ ಭರವಸೆ ಕೊಡುತ್ತಾರೆ, ಬುರುಡೆಯ ಪಕ್ಕದಿಂದ ಕೈ ಚಾಚುತ್ತಾರೆ. ಹುಡುಗ ತನ್ನ ಕೈಯನ್ನು ಆ ತಣ್ಣನೆಯ ಅಂಗೈಯಲ್ಲಿಡುತ್ತಾನೆ. ಡೋಲನ್‌ರ ಸ್ಪರ್ಶದಲ್ಲಿ ಸುಳ್ಳಾದ ಹಸ್ತಲಾಘವ ಇಲ್ಲಿ ನಿಜವಾಯಿತು. ಗೆಳೆಯರು ಅವನನ್ನು ಎತ್ತಿ ಮೆರೆಸುತ್ತಾರೆ. ಅಧ್ಯಾಯ ಇಲ್ಲಿಗೆ ಮುಗಿಯುವುದರಿಂದ ನ್ಯಾಯ ಸಿಕ್ಕಿತೆಂದು ಓದುಗನೂ ನಂಬುತ್ತಾನೆ.

ಈ ನಂಬಿಕೆಯನ್ನು ಜಾಯ್ಸ್ ಎರಡನೆಯ ಅಧ್ಯಾಯದಲ್ಲಿ ಒಂದೇ ಪುಟದಲ್ಲಿ ಒಡೆಯುತ್ತಾನೆ. ಸ್ಟೀಫನ್‌ನ ತಂದೆ ದಾರಿಯಲ್ಲಿ ಕಾನ್ಮೀ ಅವರನ್ನು ಕಂಡು ಬಂದು ಮನೆಯಲ್ಲಿ ಆ ಭೇಟಿಯ ಸುದ್ದಿ ಹೇಳುತ್ತಾನೆ. ಹುಡುಗ ದೂರು ತಂದ ಸಂಗತಿಯನ್ನು ರೆಕ್ಟರ್ ಊಟದ ಮೇಜಿನಲ್ಲಿ ಸ್ವತಃ ಡೋಲನ್‌ಗೆ ಹೇಳಿದರಂತೆ. ಪಾದ್ರಿಗಳೆಲ್ಲ ಸೇರಿ ಹೊಟ್ಟೆ ತುಂಬ ನಕ್ಕರಂತೆ. ತಂದೆ ಆ ನಗೆಯನ್ನು ಅನುಕರಿಸಿ ತೋರಿಸಿ ತಾನೂ ನಗುತ್ತಾನೆ. ಸ್ಟೀಫನ್‌ಗೆ ಏನನ್ನಿಸಿತೆಂಬುದರ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ನಿರೂಪಣೆ ಅಲ್ಲಿಗೇ ಕಡಿದು, ಶಾಲೆಯ ನಾಟಕದ ರಾತ್ರಿಗೆ ಜಿಗಿಯುತ್ತದೆ. ಇಡೀ ಕಾದಂಬರಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಮೌನ ಇದು. ಕೇಳುವ ಕಿವಿ ಇತ್ತು ನಿಜ. ಆದರೆ ಆ ಕಿವಿ ಕೇಳಿದ್ದನ್ನು ದೂರಾಗಿ ಉಳಿಸದೆ ಸ್ವಾರಸ್ಯದ ಕಥೆಯಾಗಿ ಮಾರ್ಪಡಿಸಿಬಿಟ್ಟಿತು.

ನಾಲ್ಕನೆಯ ಅಧ್ಯಾಯದಲ್ಲಿ ಯುವಕನಾದ ಸ್ಟೀಫನ್ ತನ್ನ ಶಾಲಾದಿನಗಳನ್ನು ಮತ್ತೆ ತೂಗುತ್ತಾನೆ. ಅಷ್ಟೂ ವರ್ಷಗಳಲ್ಲಿ ತನಗೆ ಬಿದ್ದದ್ದು ಎರಡೇ ಏಟು, ಅವು ಅನ್ಯಾಯದ ಏಟುಗಳು, ಆದರೆ ಎಷ್ಟೋ ಬಾರಿ ತಾನು ಶಿಕ್ಷೆಯಿಂದ ಪಾರಾದದ್ದೂ ಉಂಟು ಎಂಬುದು ಅವನ ಲೆಕ್ಕ. ಶಾಲೆಯ ಶಿಕ್ಷಾ ಪುಸ್ತಕದ ಲೆಕ್ಕ ಬೇರೆ. ಅದರ ಪ್ರಕಾರ 1889ರ ಮಾರ್ಚಿಯಲ್ಲಿ ಜಾಯ್ಸ್ ಎಂಬ ಪುಟ್ಟ ಹುಡುಗ ಅಸಭ್ಯ ಮಾತಾಡಿದ್ದಕ್ಕಾಗಿ ನಾಲ್ಕು ಏಟು ತಿಂದಿದ್ದಾನೆ. ಕಾದಂಬರಿಕಾರ ಈ ಏಟುಗಳನ್ನು ಕಥೆಯೊಳಕ್ಕೆ ಬಿಟ್ಟುಕೊಂಡಿಲ್ಲ. ಅನ್ಯಾಯದ ನೆನಪು ಶುದ್ಧವಾಗಿ ನಿಲ್ಲಬೇಕಾದರೆ, ಬಾಲಕ ಪೂರ್ತಿ ನಿರಪರಾಧಿಯಾಗಿರಬೇಕಾಗುತ್ತದೆ. ನಾವು ಆತ್ಮಕಥನಾತ್ಮಕ ಕೃತಿಗಳನ್ನು ದಾಖಲೆಗಳೊಂದಿಗೆ ಹೋಲಿಸುವಾಗ ಲೇಖಕ 'ಸುಳ್ಳು ಹೇಳಿದ' ಎಂದು ಹಿಡಿಯುವ ಉತ್ಸಾಹ ತೋರುತ್ತೇವೆ. ಅವನು ಏನನ್ನು ಕಾಪಾಡಲು ಯಾವುದನ್ನು ಬಿಟ್ಟ ಎಂದು ಕೇಳುವುದು ಹೆಚ್ಚು ಫಲಪ್ರದ. ತಪ್ಪು ಮಾಡಿದ ಮಗುವಿಗೆ ಬಿದ್ದ ಏಟೂ ಏಟೇ ಎಂದು ಹೇಳುವ ನುಡಿಗಟ್ಟು 1916ರ ಓದುಗನಿಗಾಗಿ ಇನ್ನೂ ಸಿದ್ಧವಾಗಿರಲಿಲ್ಲ.

ಹಾಗೆಂದು ನೆನಪು ಸುಮ್ಮನಾಗಲಿಲ್ಲ. 1922ರ 'ಯುಲಿಸಿಸ್' ಕೃತಿಯ ಭ್ರಮಾಲೋಕದಂಥ ಭಾಗವೊಂದರಲ್ಲಿ ಪ್ಯಾಂಡಿಬ್ಯಾಟ್ ಎರಡು ಸಲ ಸದ್ದು ಮಾಡುತ್ತದೆ; ವಾದ್ಯದ ಪೆಟ್ಟಿಗೆಯಿಂದ ಡೋಲನ್‌ರ ತಲೆ ಆಟಿಕೆಯ ಬೊಂಬೆಯಂತೆ ಮೇಲಕ್ಕೆ ಚಿಮ್ಮುತ್ತದೆ. ಅಲ್ಲಿಯೂ ಸ್ಟೀಫನ್‌ನ ಕನ್ನಡಕ ಒಡೆದಿದೆ. ಅದು ನಿನ್ನೆ ಒಡೆದದ್ದೋ ಹದಿನಾರು ವರ್ಷಗಳ ಹಿಂದೆ ಒಡೆದದ್ದೋ ಎಂಬ ವ್ಯತ್ಯಾಸ ಅವನ ಮಾತಿನಲ್ಲಿ ಅಳಿಸಿಹೋಗಿದೆ. ಇದೇ ಜಾಯ್ಸ್ ತನ್ನನ್ನು ಕ್ಯಾಥೊಲಿಕ್ ಎನ್ನುವುದಕ್ಕಿಂತ ಜೆಸ್ಯುಯಿಟ್ ಎನ್ನುವುದು ಸರಿ ಎಂದು ಗೆಳೆಯ ಫ್ರಾಂಕ್ ಬಜನ್‌ಗೆ ಹೇಳಿದವನೂ ಹೌದು. ಆ ಶಾಲೆಗಳು ಕೊಟ್ಟ ಬೌದ್ಧಿಕ ಶಿಸ್ತಿನ ಋಣವನ್ನು ಅವನು ಅಲ್ಲಗಳೆಯಲಿಲ್ಲ. ಋಣವಿದ್ದ ಮಾತ್ರಕ್ಕೆ ಏಟು ಅಳಿಸುವುದಿಲ್ಲ, ಏಟು ಬಿದ್ದ ಮಾತ್ರಕ್ಕೆ ಋಣವೂ ಹರಿಯುವುದಿಲ್ಲ. ನಮ್ಮ ಆತ್ಮಕಥನಗಳಲ್ಲಿ ಈ ಎರಡರ ನಡುವಿನ ಅಸಮಾಧಾನವನ್ನು ಹಾಗೆಯೇ ಉಳಿಸಿಕೊಂಡ ಬರವಣಿಗೆ ವಿರಳ.

ಇಲ್ಲಿ ಸಂಸ್ಥೆಗಳ ಮೂಲವನ್ನು ಕುರಿತು ಒಂದು ಮಾತು ಹೇಳಬೇಕು. ಜೆಸ್ಯುಯಿಟರ ಶಿಕ್ಷಣ ಸಂಹಿತೆಯಾದ 1599ರ 'ರೇಷಿಯೋ ಸ್ಟುಡಿಯೋರಂ' ಪಾದ್ರಿಗಳು ಸ್ವತಃ ಹೊಡೆಯಬಾರದೆಂದೂ ಅದಕ್ಕಾಗಿ ಸಂಘದ ಹೊರಗಿನ ಒಬ್ಬನನ್ನು ನೇಮಿಸಬೇಕೆಂದೂ ವಿಧಿಸಿತ್ತು. 1802ರಲ್ಲಿ ವಾಟರ್‌ಫರ್ಡ್ ನಗರದಲ್ಲಿ ಬಡ ಹುಡುಗರಿಗಾಗಿ ಶಾಲೆ ತೆರೆದು ಕ್ರಿಶ್ಚಿಯನ್ ಬ್ರದರ್ಸ್ ಸಂಘಕ್ಕೆ ಬುನಾದಿ ಹಾಕಿದ ಎಡ್ಮಂಡ್ ರೈಸ್ ಕೂಡ ಹೊಡೆತಕ್ಕೆ ವಿರೋಧಿಯಾಗಿದ್ದನು. ಮುಂದೆ ಐರಿಷ್ ಶಿಕ್ಷಣ ಇಲಾಖೆಯ ನಿಯಮಗಳೂ, ಪಾಠ ಬಾರದಿದ್ದ ಮಾತ್ರಕ್ಕೆ ಹೊಡೆಯುವಂತಿಲ್ಲ ಎಂದೇ ಹೇಳುತ್ತಿದ್ದವು. ಹೀಗೆ ಬರಹದಲ್ಲಿದ್ದ ದಯೆ ತರಗತಿಗೆ ಬರುವ ಹೊತ್ತಿಗೆ ಚರ್ಮದ ಪಟ್ಟಿಯಾಗಿತ್ತು. ಆದ್ದರಿಂದ ಈ ಕ್ರೌರ್ಯವನ್ನು ಒಂದು ಮತದ ಸ್ವಭಾವವೆಂದು ಓದುವುದು ಸರಿಯಲ್ಲ. ಸಂಸ್ಥೆಯೊಂದು ತನ್ನನ್ನು ಪ್ರಶ್ನಿಸುವವರಿಲ್ಲದ ಸ್ಥಿತಿಯಲ್ಲಿ ಏನಾಗುತ್ತದೆ ಎಂಬುದರ ನಿದರ್ಶನವಾಗಿ ಅದನ್ನು ಓದಬೇಕು. ಕೋದಂಡ ಕಟ್ಟಿದ ಐಗಳು ಯಾವ ಚರ್ಚಿಗೂ ಸೇರಿದವರಾಗಿರಲಿಲ್ಲ.

ನಗೆಯ ಧಾಟಿಯ ವಿಷಯಕ್ಕೆ ಬಂದರೆ ಫ್ರಾಂಕ್ ಮೆಕೋರ್ಟ್‌ನ 'ಏಂಜೆಲಾಸ್ ಆ್ಯಶಸ್' (1996) ನಮ್ಮ ಆತ್ಮಕಥನಗಳಿಗೆ ತೀರ ಹತ್ತಿರದ್ದು. ಲಿಮರಿಕ್ ನಗರದ ರಾಷ್ಟ್ರೀಯ ಶಾಲೆಯಲ್ಲಿ ಪಾದ್ರಿಗಳಲ್ಲದ ಮೇಷ್ಟರುಗಳೇ ಕೋಲು, ಪಟ್ಟಿ ಹಿಡಿದು ಪ್ರಶ್ನೋತ್ತರ ರೂಪದ ಧರ್ಮಪಾಠವನ್ನೂ ಐರಿಷ್ ನುಡಿಯನ್ನೂ ಬಾಯಿಪಾಠ ಮಾಡಿಸುವ ಚಿತ್ರ ಅದರಲ್ಲಿದೆ. ಬಾಲಕನ ದನಿಯಲ್ಲಿ, ವರ್ತಮಾನ ಕಾಲದಲ್ಲಿ ಹೇಳಿದ ಕಥೆಯಾದ್ದರಿಂದ ದೊಡ್ಡವನ ದೂರು ಅದರಲ್ಲಿ ನೇರವಾಗಿ ಕೇಳಿಸದು. 1997ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಲಿಮರಿಕ್ಕಿನ ಕೆಲವರು ಊರಿನ ಮಾನ ಹೋಯಿತೆಂದು ಸಿಟ್ಟಾದರು. ಲೋಕವನ್ನು ನಗಿಸಿಯೂ ಊರಿಗೆ ಸಿಟ್ಟು ಬರಿಸಬಲ್ಲ ನಗೆ ಅದು. ಕ್ಲಾಂಗೋಸ್‌ನ ಊಟದ ಮೇಜಿನ ನಗೆಗಿಂತ ಬೇರೆ.

ಕಾದಂಬರಿಯ ಬಾಲಕನಿಗೆ ಬಡಿಯಲು ರೆಕ್ಟರರ ಬಾಗಿಲಾದರೂ ಇತ್ತು. ಬಾಗಿಲೇ ಇಲ್ಲದವರ ಕಥೆಗೆ ಈಗ ಬರೋಣ. ಬಡತನ, ಅನಾಥಸ್ಥಿತಿ, ಶಾಲೆಗೆ ಗೈರುಹಾಜರಿ ಇಂಥ ಕಾರಣಗಳಿಗಾಗಿ ನ್ಯಾಯಾಲಯದ ಆದೇಶದ ಮೇಲೆ ಐರಿಷ್ ಮಕ್ಕಳನ್ನು 'ಇಂಡಸ್ಟ್ರಿಯಲ್ ಸ್ಕೂಲ್' ಎಂಬ ವಸತಿಶಾಲೆಗಳಿಗೆ ಕಳಿಸಲಾಗುತ್ತಿತ್ತು. ಅವುಗಳಲ್ಲಿ ಬಹುಪಾಲು ಶಾಲೆಗಳನ್ನು ಧಾರ್ಮಿಕ ಸಂಘಗಳು ನಡೆಸುತ್ತಿದ್ದವು. ಸರ್ಕಾರ ತಲೆಗಿಷ್ಟೆಂದು ಹಣ ಕೊಡುತ್ತಿತ್ತು. ಕಾನಮಾರಾ ಪ್ರದೇಶದ ಲೆಟರ್‌ಫ್ರಾಕ್ ಎಂಬ ಊರಿನಲ್ಲಿ ಕ್ರಿಶ್ಚಿಯನ್ ಬ್ರದರ್ಸ್ ನಡೆಸುತ್ತಿದ್ದ, 1974ರಲ್ಲಿ ಮುಚ್ಚಿದ ಶಾಲೆ ಅಂಥದೊಂದು. 1924ರಲ್ಲಿ ಎಂಟು ವರ್ಷದ ಪೀಟರ್ ಟಿರೆಲ್ ಅಲ್ಲಿಗೆ ಬಂದನು. ತಂದೆತಾಯಿ ಬದುಕಿದ್ದರು, ಬಡವರಾಗಿದ್ದರು ಅಷ್ಟೆ. ಎಂಟು ವರ್ಷಗಳ ಕಾಲ ಅಲ್ಲಿದ್ದು, ದರ್ಜಿಯ ಕೆಲಸ ಕಲಿತು ಹೊರಬಂದು, ಬ್ರಿಟಿಷ್ ಸೈನ್ಯ ಸೇರಿ, ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳಾದನು. ಆ ಯುದ್ಧಕೈದಿಗಳ ಶಿಬಿರ ಲೆಟರ್‌ಫ್ರಾಕ್‌ಗಿಂತ ಎಷ್ಟೋ ಮೇಲಾಗಿತ್ತು ಎಂಬುದು ಅವನ ಅನುಭವ.

ಟಿರೆಲ್ ತನ್ನ ನೆನಪುಗಳನ್ನು ಯಾರಾದರೂ ಕೇಳಲಿ ಎಂದು ವರ್ಷಗಟ್ಟಲೆ ಪ್ರಯತ್ನಿಸಿದನು. ಬ್ರದರ್ಸ್ ಸಂಘದ ಹಿರಿಯರಿಗೂ ಪತ್ರ ಬರೆದನು. ಕೊನೆಗೆ ಕೇಳಿದವರು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಫ್ರೆಂಚ್ ಅಧ್ಯಾಪಕರಾಗಿದ್ದ, ಸೆನೆಟಿನಲ್ಲಿ ಶಾಲಾ ಹೊಡೆತದ ವಿರುದ್ಧ ದನಿಯೆತ್ತುತ್ತಿದ್ದ ಓವನ್ ಶೀಹಿ-ಸ್ಕೆಫಿಂಗ್ಟನ್. ಅವರ ಒತ್ತಾಸೆಯಿಂದ 1950ರ ದಶಕದ ಕೊನೆಯಲ್ಲಿ ಟಿರೆಲ್ ತನ್ನ ಬಾಲ್ಯವನ್ನು ಬರೆದು, ಭಾಗಭಾಗವಾಗಿ ಕಳಿಸಿದನು. ಪುಸ್ತಕವಾಗಲಿಲ್ಲ. 1967ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್ ಬಯಲಿನಲ್ಲಿ ಅವನು ಮೈಗೆ ಬೆಂಕಿ ಹಚ್ಚಿಕೊಂಡು ಸತ್ತನು. ದೇಹ ಯಾರದೆಂದು ಬಹುಕಾಲ ತಿಳಿಯಲಿಲ್ಲ. ಹತ್ತಿರ ಸಿಕ್ಕ ಹರಿದ ಕಾರ್ಡೊಂದರಲ್ಲಿ ಉಳಿದಿದ್ದ ಸ್ಕೆಫಿಂಗ್ಟನ್ ಅವರ ವಿಳಾಸವೇ ಗುರುತಿಗೆ ದಾರಿಯಾಯಿತು. ಹಸ್ತಪ್ರತಿ ಸ್ಕೆಫಿಂಗ್ಟನ್ ಅವರ ಕಾಗದಪತ್ರಗಳ ನಡುವೆ ಉಳಿದಿತ್ತು. ಇತಿಹಾಸಕಾರ ಡರ್ಮಿಡ್ ವೀಲನ್ ಅದನ್ನು ಸಂಪಾದಿಸಿ 2006ರಲ್ಲಿ 'ಫೌಂಡೆಡ್ ಆನ್ ಫಿಯರ್' ಎಂಬ ಹೆಸರಿನಲ್ಲಿ ಪ್ರಕಟಿಸಿದರು.

ಈ ಕೃತಿಯ ಗದ್ಯದಲ್ಲಿ ಅಲಂಕಾರವಿಲ್ಲ, ನಗೆಯಿಲ್ಲ. ಯಾರು ಹೊಡೆದರು, ಯಾರನ್ನು, ಎಲ್ಲಿ, ಯಾವುದರಿಂದ ಎಂಬ ವಿವರಗಳು ಮತ್ತೆ ಮತ್ತೆ ಬರುತ್ತವೆ. ಸಾಹಿತ್ಯದ ವಿದ್ಯಾರ್ಥಿಯಾಗಿ ಮೊದಲ ಓದಿನಲ್ಲಿ ನನಗೆ ಈ ಪುನರಾವೃತ್ತಿ ಬೇಸರ ತರಿಸಿತ್ತು ಎಂದು ಒಪ್ಪಿಕೊಳ್ಳಬೇಕು. ಆಮೇಲೆ ತಿಳಿದದ್ದು, ಇದು ಕಥೆ ಹೇಳುವವನ ಗದ್ಯವಲ್ಲ, ನಂಬದವರ ಮುಂದೆ ನಿಂತವನ ಗದ್ಯ ಎಂಬುದು. ಬೇಸರ ನನ್ನ ಓದಿನ ತರಬೇತಿಯಿಂದ ಬಂದದ್ದು. ಇನ್ನೊಂದು ಕುತೂಹಲದ ಸಂಗತಿಯೆಂದರೆ, ದಯೆ ತೋರಿದ ಬ್ರದರ್‌ಗಳನ್ನೂ ಟಿರೆಲ್ ಅಷ್ಟೇ ಎಚ್ಚರದಿಂದ ದಾಖಲಿಸುತ್ತಾನೆ. ಇದೇ ಶಾಲೆಯಲ್ಲಿದ್ದ ಮ್ಯಾನಿಕ್ಸ್ ಫ್ಲಿನ್ 1983ರಲ್ಲಿ ಬರೆದ ಕಾದಂಬರಿಯ ಹೆಸರು 'ನಥಿಂಗ್ ಟು ಸೇ', ಹೇಳಲಿಕ್ಕೇನೂ ಇಲ್ಲ ಎಂದು. ಪೊಲೀಸರ ಮುಂದೆ, ಮೇಲಧಿಕಾರಿಗಳ ಮುಂದೆ ಹುಡುಗರು ಕೊಡುವ ಉತ್ತರವೂ ಅದೇ ಅಲ್ಲವೆ.

ಐರ್ಲೆಂಡಿನ ಶಾಲೆಗಳಲ್ಲಿ ದೈಹಿಕ ದಂಡನೆ 1982ರ ಫೆಬ್ರವರಿಯಲ್ಲಿ ನಿಂತಿತು. ಹೊಡೆಯುವ ಶಿಕ್ಷಕನಿಗಿದ್ದ ಕಾನೂನಿನ ರಕ್ಷಣೆ ಹೋದದ್ದು 1997ರಲ್ಲಿ. 1999ರಲ್ಲಿ ಮೇರಿ ರಾಫ್ಟರಿ ಅವರ 'ಸ್ಟೇಟ್ಸ್ ಆಫ್ ಫಿಯರ್' ಸಾಕ್ಷ್ಯಚಿತ್ರಗಳು ದೂರದರ್ಶನದಲ್ಲಿ ಬಂದವು. ಅದೇ ವರ್ಷದ ಮೇ 11ರಂದು ಪ್ರಧಾನಿ ಬರ್ಟಿ ಅಹರ್ನ್ ಇಂಥ ಸಂಸ್ಥೆಗಳಲ್ಲಿ ಬೆಳೆದವರ ಕ್ಷಮೆ ಕೋರಿದರು. ಮರುವರ್ಷ ಆಯೋಗ ರಚನೆಯಾಯಿತು. ಅದರ ಐದು ಸಂಪುಟಗಳ ವರದಿ ನ್ಯಾಯಮೂರ್ತಿ ಶಾನ್ ರಯನ್ ಅವರ ಅಧ್ಯಕ್ಷತೆಯಲ್ಲಿ 2009ರ ಮೇ 20ರಂದು ಹೊರಬಂತು. ಹುಡುಗರ ಸಂಸ್ಥೆಗಳಲ್ಲಿ ಮಿತಿಮೀರಿದ, ಗೊತ್ತುಗುರಿಯಿಲ್ಲದ ಶಿಕ್ಷೆಯಿಂದ ಹುಟ್ಟಿದ ಭಯದ ವಾತಾವರಣ ಎಲ್ಲೆಡೆ ಹಬ್ಬಿತ್ತು ಎಂಬುದು ಅದರ ನಿರ್ಣಯ.

ನಮ್ಮ ಚರ್ಚೆಗೆ ಈ ನಿರ್ಣಯದಷ್ಟೇ ಮುಖ್ಯವಾದದ್ದು ಆಯೋಗ ಕೇಳಿದ ರೀತಿ. ಅದು ಎರಡು ಸಮಿತಿಗಳಾಗಿ ಕೆಲಸ ಮಾಡಿತು. ತನಿಖಾ ಸಮಿತಿಯ ಮುಂದೆ ಸಾಕ್ಷಿಗಳು ಪಾಟೀಸವಾಲಿಗೆ ಒಳಗಾಗಬೇಕಿತ್ತು. ಆಪಾದಿತರ ಪರ ವಕೀಲರೂ ಅಲ್ಲಿ ಇರುತ್ತಿದ್ದರು. ಗೋಪ್ಯ ಸಮಿತಿಯ ಮುಂದೆ ಹಾಗಲ್ಲ. ಅಲ್ಲಿ ಬಂದವರು ತಮ್ಮ ಬಾಲ್ಯವನ್ನು ತಮಗೆ ತೋರಿದ ಕ್ರಮದಲ್ಲಿ ಹೇಳಬಹುದಿತ್ತು, ಯಾರೂ ಅಲ್ಲಗಳೆಯುತ್ತಿರಲಿಲ್ಲ. ಸಾವಿರಕ್ಕೂ ಹೆಚ್ಚು ಜನ ಈ ಎರಡನೆಯ ಬಾಗಿಲಿಗೆ ಬಂದರು. ಒಂದು ಕೋಣೆಯಲ್ಲಿ ದಿನಾಂಕ, ಹೆಸರು, ಪುರಾವೆ. ಇನ್ನೊಂದರಲ್ಲಿ ಸದ್ದು, ವಾಸನೆ, ಹಾಸಿಗೆ ಒದ್ದೆಯಾದ ಬೆಳಗಿನ ಭಯ. ನೆನಪಿನ ರೂಪವನ್ನು ನಿರ್ಧರಿಸಿದ್ದು ಹೇಳುವವರ ಪ್ರತಿಭೆಗಿಂತ ಹೆಚ್ಚಾಗಿ ಆ ಕೋಣೆಯ ಏರ್ಪಾಡು.

ಕನ್ನಡದ ಸಂದರ್ಭದಲ್ಲಿ ಅಂಥ ಕೋಣೆ ಯಾವುದೂ ಇರಲಿಲ್ಲ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುವ ಮಾತು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ವಿಧಿಯಲ್ಲಿದೆ. ಆದರೆ ಹಿಂದಿನ ಏಟುಗಳನ್ನು ಹೇಳಿಕೊಳ್ಳಲು ನಮಗಿರುವ ವೇದಿಕೆಗಳು ಅಭಿನಂದನ ಗ್ರಂಥ, ಗುರುವಂದನೆ, ಹಳೆಯ ವಿದ್ಯಾರ್ಥಿಗಳ ಕೂಟ ಇಷ್ಟೆ. ಈ ಮೂರು ಕಡೆಗಳಲ್ಲಿಯೂ ಕೇಳುವವರು ನಗಲು ಸಿದ್ಧರಾಗಿಯೇ ಕುಳಿತಿರುತ್ತಾರೆ. ಆತ್ಮಕಥನದ ಶಾಲಾ ಅಧ್ಯಾಯವೂ ಇದೇ ಸಭೆಗೆ ಮುಖ ಮಾಡಿ ಬರೆದದ್ದು ಎಂದು ನನಗೆ ಈಗ ತೋರುತ್ತಿದೆ. ಹಾಗಾಗಿ, ಆ ಅಧ್ಯಾಯಗಳಲ್ಲಿನ ಹಾಸ್ಯವನ್ನು ಲೇಖಕನ ಮನೋಧರ್ಮವೆಂದು ವಿವರಿಸುವುದನ್ನು ಬಿಟ್ಟು, ಅದು ಯಾವ ಕೇಳುಗನೊಂದಿಗಿನ ಒಪ್ಪಂದ ಎಂದು ಪರಿಶೀಲಿಸಬೇಕು. ಅದರ ಜೊತೆಗೆ, ಆ ಪುಟಗಳಲ್ಲಿ ಹಾದುಹೋಗುವ, ಆದರೆ ಆತ್ಮಕಥನ ಬರೆಯದ ಸಹಪಾಠಿಗಳನ್ನೂ ಗಮನಿಸಬೇಕು. ಹೊಡೆತ ತಾಳದೆ ಶಾಲೆ ಬಿಟ್ಟ ಹುಡುಗ ಒಂದು ವಾಕ್ಯದಲ್ಲಿ ಬಂದು ಹೋಗುತ್ತಾನೆ. ಆ ವಾಕ್ಯ ಹೆಚ್ಚಾಗಿ ತಮಾಷೆಯದೇ ಆಗಿರುತ್ತದೆ.

ಈ ಮಾತನ್ನು ನಾನು ಹೊರಗೆ ನಿಂತು ಹೇಳುತ್ತಿಲ್ಲ. ನಾನು ಓದಿದ್ದು ಜಿಲ್ಲಾ ಕೇಂದ್ರವೊಂದರ ಕಾನ್ವೆಂಟ್ ಶಾಲೆಯಲ್ಲಿ. ನನಗೆ ಗ್ರಂಥಾಲಯದ ಕಪಾಟು ತೆರೆದುಕೊಟ್ಟ ಸಿಸ್ಟರ್ ಒಬ್ಬರನ್ನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಅದೇ ಶಾಲೆಯಲ್ಲಿ ಕನ್ನಡ ಮಾತಾಡಿದವರಿಗೆ ಮರದ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣುಗಳ ಮೇಲೆ ಏಟು ಬೀಳುತ್ತಿತ್ತು. ಕನ್ನಡ ಎಂ.ಎ.ಗೆ ಸೇರಿದ ಮೇಲೆ ಈ ಸಂಗತಿಯನ್ನು ನಾನು ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ: ಏಟು ತಿಂದು ಕನ್ನಡ ಕಲಿತವರು ನಾವು ಎಂದು. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳ ಕೂಟವೊಂದರಲ್ಲಿ ಅದನ್ನೇ ಹೇಳಿದಾಗ ಎಲ್ಲರೂ ನಕ್ಕರು, ಒಬ್ಬಳು ನಗಲಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು ಅವಳು. ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕುಳಿತು, ಜಗಳದ ದನಿಯಲ್ಲೇನೂ ಅಲ್ಲ, ಕೇಳಿದಳು: "ಕ್ಲಾಸ್ ಲೀಡರ್ ನೀನೇ ಅಲ್ಲವಾ? ಕನ್ನಡ ಮಾತಾಡಿದವರ ಹೆಸರು ಬರೆದುಕೊಡುತ್ತಿದ್ದದ್ದು?"

ಹೌದು, ನಾನೇ. ನನಗೆ ಏಟು ಬಿದ್ದ ನೆನಪು ಎರಡು ಸಲದ್ದು. ಹೆಸರು ಬರೆದುಕೊಟ್ಟದ್ದು ಎಷ್ಟು ಸಲವೋ.